ಮಷಿನ್ ಮೇಲಿನ ವಿಭೂತಿ

ದಹಿಸರ್, ಮುಂಬಯಿ
೧೮ ನವೆಂಬರ್ ೨೦೨೪

ತಾಯಿಗೆ ಸಮಾನಳಾದ ಅಕ್ಕ ಮಹಾದೇವಿಗೆ ತಂಗಿ ಶೈಲಾ ಮಾಡುವ ಶರಣು ಶರಣಾರ್ಥಿಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಾಮಾರ ಮೊಣಕಾಲು ನೋವು ಈಗ ಹೇಗಿದೆ? ದೀಪಾವಳಿಗೆ ನೀನು ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿದವು ಎಂದು ತಿಳಿಸುವುದಕ್ಕೂ ಇಷ್ಟು ತಡವಾಯಿತು. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಈ ಒಂದೇ ಖೋಲಿಯ ಮನೆಯಲ್ಲಿ ಫೋನ್ ಹಿಡಿದರೆ ಆಚೆ ಮನೆಯವರೂ ಹೂಂ ಅನ್ನುತ್ತಾರೆ. ಅದಕ್ಕೇ ಮಧ್ಯಾಹ್ನ ಯಾರೂ ಇಲ್ಲದಾಗ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಬಲಗೈ ಅಷ್ಟಕ್ಕೇ ದಣಿಯುತ್ತದೆ.

ಕೈಯ ಸುದ್ದಿ ನಿನಗೆ ಅರ್ಧ ಮಾತ್ರ ಗೊತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸದಿದ್ದರೆ ಮಣಿಕಟ್ಟಿಗೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ರೊಟ್ಟಿ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ ಹೇಳು? ಗ್ರಾಂಟ್ ರೋಡಿನ ಕಾಶಿನಾಥರ ಖಾನಾವಳಿಗೆ ದಿನಾ ಹೋಗುವುದು ನನ್ನ ರೊಟ್ಟಿಯೇ. ಮಗ ಅನಿಕೇತನ ಕಾಲೇಜು ನಡೆಯುತ್ತಿರುವುದೂ ಅದರ ಮೇಲೆಯೇ. ಅದಕ್ಕೆಂದೇ ಮೊಬೈಲಿನಲ್ಲಿ ನೋಡಿ, ಕರೆಂಟಿನ ಮೇಲೆ ರೊಟ್ಟಿ ಒತ್ತುವ ಮಷಿನ್ ತರಿಸಿದೆ. ಜಾಹೀರಾತಿನ ಹೆಂಗಸು ಉಗುರಿನ ಬಣ್ಣವೂ ಕೆಡದ ಹಾಗೆ ರೊಟ್ಟಿ ತೆಗೆಯುತ್ತಿದ್ದಳು. ಅವಳು ಜನ್ಮದಲ್ಲಿ ಜೋಳದ ಹಿಟ್ಟು ಮುಟ್ಟಿದವಳಲ್ಲ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು.

ಮಷಿನ್ ಬಂದದ್ದು ಸೋಮವಾರ. ನಮ್ಮಲ್ಲಿ ಇಳಿಗೆ ಮಣೆ ತಂದರೂ ಪೂಜೆಯಾಗದೆ ಬಳಸುವುದಿಲ್ಲ, ಇದಂತೂ ಅನ್ನ ಕೊಡುವ ಮಷಿನ್. ನಮ್ಮ ಮನೆಯವರು ಸ್ನಾನ ಮಾಡಿ ಬಂದು ಅದರ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ನಾನು ಕುಂಕುಮ ಹಚ್ಚಿದೆ. ಹೊಸ್ತಿಲ ಹತ್ತಿರ ಕಾಯಿ ಒಡೆದೆವು. ಪಕ್ಕದ ಮನೆಯ ವಿನೋದಿನಿಬಾಯಿ ಸಂಭ್ರಮದಿಂದ ವಿಡಿಯೋ ತೆಗೆದರು. ಆಮೇಲೆ ಸ್ವಿಚ್ ಹಾಕಿದರೆ, ಮಷಿನ್ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಮನೆ ತುಂಬ ಸುಟ್ಟ ರಬ್ಬರಿನ ವಾಸನೆ. ಒಂದೇ ಒಂದು ರೊಟ್ಟಿ ಕೂಡ ಆಗಲಿಲ್ಲ ಅಕ್ಕ.

ವಾಪಸ್ ಒಯ್ಯಿರಿ ಎಂದು ಬರೆದದ್ದಕ್ಕೆ ಕಂಪನಿಯವರು ಒಬ್ಬ ಮನುಷ್ಯನನ್ನು ಕಳಿಸಿದರು. ಅವನು ಕುಂಕುಮದ ಮೇಲೆ ಬೆರಳಾಡಿಸಿ, "ಯೇ ಕ್ಯಾ ಹೈ? ಪಾನೀ ಗಯಾ ಹೈ ಅಂದರ್. ಯೂಸ್ ಕಿಯಾ ಹುವಾ ಪೀಸ್ ವಾಪಸ್ ನಹೀ ಹೋತಾ" ಅಂದ. ಒಳಗೆ ನೀರು ಹೋಗಿದೆಯಂತೆ, ಬಳಸಿದ ಮಾಲು ವಾಪಸ್ ಇಲ್ಲವಂತೆ. ನಮ್ಮ ಮನೆಯವರು, "ಪಾನೀ ನಹೀ ಭಾಯಿ, ಭಗವಾನ್ ಕಾ ಹೈ" ಅಂದರು. ಅವನು ನಕ್ಕುಬಿಟ್ಟ. ಫೋಟೋ ಹೊಡೆದುಕೊಂಡು ಹೋದ. ಮರುದಿನ ಮೊಬೈಲಿಗೆ ಉತ್ತರ ಬಂತು, ತಪ್ಪು ಗಿರಾಕಿಯದು, ಮಾಲು ವಾಪಸ್ ಇಲ್ಲ ಎಂದು.

ಆವತ್ತಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ. ಕಾಯಿಯ ನೀರು ಸಿಡಿದಿತ್ತೇ? ಕುಂಕುಮಕ್ಕೆ ನಾನೇ ನೀರು ಹೆಚ್ಚು ಹಾಕಿದೆನೇ? ನಮ್ಮ ಮನೆಯವರದು ಒಂದೇ ಮಾತು: "ಅಂಗಡಿಗಿ ಹೋಗಿ ಕೈಲೆ ಮುಟ್ಟಿ ತರಬೇಕಿತ್ತು. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ಹೋಗ್ಲಿ ಬಿಡು." ಬಿಡುವುದು ಹೇಗೆ? ಈ ಕೈಯಲ್ಲಿ ಈಗ ಮೊದಲಿನ ಅರ್ಧದಷ್ಟು ರೊಟ್ಟಿಯೂ ಆಗುತ್ತಿಲ್ಲ. ಕಾಶಿನಾಥರು ಫೋನ್ ಮಾಡಿ, "ಅಕ್ಕಾರ, ನಿಮ್ಮ ಕೈರುಚಿ ನನಗ ಗೊತ್ತೈತಿ. ಆದ್ರ ಗಿರಾಕಿ ಕಾಯಂಗಿಲ್ರಿ. ಈ ತಿಂಗಳು ನೋಡ್ತೀನಿ, ಆಮ್ಯಾಲೆ ಬ್ಯಾರೆಯವರಿಗೆ ಹೇಳಬೇಕಾಗತೈತಿ" ಅಂದಿದ್ದಾರೆ. ಒಳ್ಳೆಯ ಮನುಷ್ಯ, ಅದಕ್ಕೇ ಹೆಚ್ಚು ಭಯ.

ಕೊನೆಗೆ ವಿನೋದಿನಿಬಾಯಿಯೇ ನನ್ನನ್ನು ಲೋಕಲ್ ಹತ್ತಿಸಿಕೊಂಡು ಫೋರ್ಟಿಗೆ ಕರೆದೊಯ್ದರು. ಅಲ್ಲಿ ಗ್ರಾಹಕರಿಗೆ ಸಲಹೆ ಕೊಡುವ ಒಂದು ಸಂಸ್ಥೆಯಿದೆ. ಕೂತಿದ್ದಾಕೆ ವೈಶಾಲಿ ಎಂದು, ಬೆಳಗಾವಿ ಕಡೆಯವಳು. ಕನ್ನಡ ಕೇಳಿದ ಕೂಡಲೇ ನನಗೆ ಅಳು ಬಂತು. ಅವಳು ನೀರು ಕೊಟ್ಟು, "ಪೂಜಾ ಮಾಡಿದ್ದು ತಪ್ಪಲ್ರಿ. ಕೆಟ್ಟ ಮಾಲು ಕಳಿಸಿ, ವಾಪಸ್ ತಗೊಳ್ಳಂಗಿಲ್ಲ ಅಂದ್ರ ನಡಿಯಂಗಿಲ್ಲ. ನೀರು ಹೋಗೇತಿ ಅಂತ ಬರೇ ಬಾಯಿಲೆ ಯಾಕ ಹೇಳ್ತಾರ, ಬಿಚ್ಚಿ ತೋರಸ್ಲಿ" ಅಂದಳು. ಆಮೇಲೆ, "ವ್ಯಾಪಾರಕ್ಕ ತಗೊಂಡೀರಿ ಅಂತ ತಕರಾರು ತಗೀಬಹುದು. ಆಳು ಇಟ್ಟೀರೇನು?" ಎಂದು ಕೇಳಿದಳು. "ಈ ಎರಡು ಕೈನ ನನ್ನ ಆಳು" ಅಂದೆ. ಸ್ವಂತ ದುಡಿದು ಹೊಟ್ಟೆ ಹೊರೆಯುವವರೂ ಗ್ರಾಹಕರೇ ಅಂತೆ. ಕಂಪನಿ ಎಲ್ಲಿಯದೇ ಇರಲಿ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದಂತೆ.

ವಿನೋದಿನಿಬಾಯಿಯ ವಿಡಿಯೋ ನೋಡಿದೆವು. ಕಾಯಿ ಒಡೆದದ್ದು ಹೊಸ್ತಿಲಲ್ಲಿ, ಮಷಿನ್ ಇದ್ದದ್ದು ಒಳಗೆ ಒಲೆಯ ಕಟ್ಟೆಯ ಮೇಲೆ. ಕುಂಕುಮವೂ ಬೊಟ್ಟಿನಷ್ಟೇ. ಆ ವಿಡಿಯೋ ಜೋಡಿಸಿ ಮೊದಲು ಕಂಪನಿಯ ದೂರಿನ ಅಧಿಕಾರಿಗೆ ಬರೆದಿದ್ದೇವೆ. ಇನ್ನೂ ಉತ್ತರವಿಲ್ಲ. ಮೊಬೈಲ್ ಟಿಣ್ ಎಂದರೆ ಸಾಕು, ಹಿಟ್ಟಿನ ಕೈಯಲ್ಲೇ ಓಡುತ್ತೇನೆ. ನೋಡಿದರೆ ಮತ್ತೊಂದು ಜಾಹೀರಾತು. ಮಷಿನ್ ಮೂಲೆಯಲ್ಲಿ ವಿಭೂತಿ ಸಮೇತ ಕೂತಿದೆ. ನಮ್ಮ ಮನೆಯವರು ನಿನ್ನೆ ಅದಕ್ಕೂ ಊದುಬತ್ತಿ ಬೆಳಗಲು ಹೋದರು. "ದೇವ್ರಾಣಿ ಬ್ಯಾಡ್ರಿ, ಹೊಗಿ ಹೋಗೇತಿ ಅಂತಾರ" ಎಂದು ಕೈ ಹಿಡಿದು ನಿಲ್ಲಿಸಿದೆ.

ನನ್ನ ಸಲುವಾಗಿ ಮಠಕ್ಕೆ ಹೋದಾಗ ಒಂದು ಕಾಯಿ ಒಡೆಸು. ಮಾಮಾರಿಗೆ ಶರಣು, ಮಕ್ಕಳು ಮೊಮ್ಮಕ್ಕಳಿಗೆ ಬಸವಣ್ಣ ಒಳ್ಳೆಯದು ಮಾಡಲಿ.

ನಿನ್ನ ತಂಗಿ,
ಶೈಲಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಕಂಪನಿಯವನು ನಕ್ಕಾಗ ಅನಿಕೇತ ಬಾಗಿಲಲ್ಲೇ ನಿಂತಿದ್ದ. ನಮ್ಮ ಪರ ಒಂದು ಮಾತು ಆಡುತ್ತಾನೆ ಎಂದು ನಾನು ಅವನ ಮುಖ ನೋಡಿದೆ. ಅವನು ಆ ಮನುಷ್ಯನಿಗೆ, "ಸಾರೀ ಭಾಯಿ, ಮಮ್ಮೀ ಪಪ್ಪಾ ಗಾಂವ್‌ವಾಲೇ ಹೈ, ಅನ್‌ಪಢ್ ಹೈ" ಅಂದ. ಹಳ್ಳಿಯವರು, ಓದು ಬಾರದವರು ಎಂದು. ನನಗೆ ಹಿಂದಿ ತಿಳಿಯುತ್ತದೆ ಎಂದು ಅವನಿಗೆ ಗೊತ್ತು. ವೈಶಾಲಿಯ ಮುಂದೆ ಎಲ್ಲವನ್ನೂ ಹೇಳಿದೆ, ಇದೊಂದನ್ನು ಹೇಳಲಿಲ್ಲ. ನೀನೂ ಅವನನ್ನು ಏನೂ ಕೇಳಬೇಡ. ಮರುದಿನ ಬೆಳಿಗ್ಗೆ ಕಾಲೇಜಿನ ಡಬ್ಬಿಗೆ ನನ್ನ ಕೈ ರೊಟ್ಟಿಯೇ ಬೇಕೆಂದ. ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು ಬಡಿದು ಕಟ್ಟಿಕೊಟ್ಟೆ.