ಮೂವತ್ತು ಇಂಚಿನ ಅಲಗು

ಜರಗನಹಳ್ಳಿ, ೧೨ ಮಾರ್ಚ್ ೧೯೬೪, ಗುರುವಾರ

ಹನ್ನೆರಡು ಇಂಚಿನ ಅಲಗು ಸಾಕಾಗಿತ್ತು. ಹೊಲದ ಗಾಡಿದಾರಿಗೆ ಬಾಗಿದ ಜಾಲಿ, ಹೊಂಗೆಯ ಕೊಂಬೆ ಕತ್ತರಿಸಲು ಅದಕ್ಕಿಂತ ದೊಡ್ಡ ಪೆಟ್ರೋಲ್ ಗರಗಸ ಬೇಕಿರಲಿಲ್ಲ. ಅಂಗಡಿಯವರೂ ಹಾಗೇ ಹೇಳಿದರು. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗ ಮುನಿಬೋರ ಬಿಡಲಿಲ್ಲ.

"ಅಣ್ಣಯ್ಯ, ಮೂವತ್ತಿಂಚಿಂದೇ ತಗೋ. ಹಲ್ಲುಜ್ಜೋ ಕಡ್ಡಿ ಕುಯ್ಯೋಕೆ ಮಿಷನ್ ಬೇಕಾ?"

ನಕ್ಕು ಒಪ್ಪಿಬಿಟ್ಟೆ.

ಇಂದು ನಾನು ಪೇಟೆಗೆ ಹೋಗಿದ್ದಾಗ, ಒಣಗಿದ ಹೊಂಗೆ ಕುಯ್ಯಬೇಕೆಂದು ಹೇಳಿ ಮುನಿಬೋರ ನನ್ನ ಹೆಂಡತಿಯಿಂದ ಗರಗಸ ಒಯ್ದಿದ್ದಾನೆ. ಸಂಜೆ ಅವನ ಹೊಲಕ್ಕೆ ಹೋಗಿ ನೋಡಿದರೆ ಅಲ್ಲಿನ ಹುಣಸೆಮರವೇ ಬಿದ್ದಿತ್ತು. ಆಳುಗಳು ಬುಡವನ್ನೂ ಅಗೆದು ತೆಗೆಯುತ್ತಿದ್ದರು. ನನ್ನ ದಾರಿ ಹಾದುಹೋಗುವುದು ಅವನ ಹೊಲದಲ್ಲಿ. ಪಾಲುಪತ್ರದಲ್ಲಿ ಅದಕ್ಕಿರುವ ಗುರುತು ಒಂದೇ: "ಹುಣಸೆಮರದ ಪಶ್ಚಿಮಕ್ಕೆ ಗಾಡಿದಾರಿ." ಆ ದಾರಿ ತಪ್ಪಿದರೆ ನನ್ನ ಹೊಲಕ್ಕೆ ಗಾಡಿ ಹೋಗುವುದಿಲ್ಲ.

"ಏನೋ ಇದು?" ಎಂದೆ.

"ಹುಳ ಹಿಡಿದಿತ್ತು ಅಣ್ಣಯ್ಯ. ದಾರಿ ಎಲ್ಲೋಗ್ತದೆ? ನಾನಿಲ್ವಾ?"

ದಿಮ್ಮಿಯನ್ನು ನೋಡಿದೆ. ಹುಳದ ತೂತು ಒಂದೂ ಇರಲಿಲ್ಲ. ಟೇಪು ಹಿಡಿದು ಅಳೆದೆ, ಅಡ್ಡಕ್ಕೆ ಇಪ್ಪತ್ತೆಂಟು ಇಂಚು. ಅವನು ಮೊದಲೇ ಅಳೆದುಕೊಂಡು ಅಂಗಡಿಗೆ ಬಂದಿದ್ದ.

ಗರಗಸವನ್ನು ಒರೆಸಿ, ಎಣ್ಣೆ ಹಾಕಿ ನಮ್ಮ ಜಗುಲಿಯ ಮೇಲೆ ಇಟ್ಟುಹೋಗಿದ್ದಾನೆ. ಅಷ್ಟು ಶ್ರದ್ಧೆ. ಕೊಡಲಿಯಿಂದ ಕಡಿಸಿದ್ದರೆ ಎರಡು ದಿನ ಹಿಡಿಯುತ್ತಿತ್ತು. ಸದ್ದು ಕೇಳಿ ನಾನು ಹೋಗುತ್ತಿದ್ದೆ, ಮರವನ್ನು ತಬ್ಬಿಕೊಂಡಾದರೂ ತಡೆಯುತ್ತಿದ್ದೆ. ನಾನೇ ಒಪ್ಪಿ ತಂದ ಗರಗಸವಾದ್ದರಿಂದ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿದಿತ್ತು.