ಎರಡು ಹೆಗಲಿನ ಅಳತೆ

ಶಹಾಪುರ
18 ನವೆಂಬರ್ 2024, ಸೋಮವಾರ

ತಂಗಿ ಸೌಭಾಗ್ಯಳಿಗೆ ನಿನ್ನ ಅಕ್ಕ ಮಲಕಮ್ಮನ ಆಶೀರ್ವಾದ. ನಾವು ಇಲ್ಲಿ ಆರಾಮಿದ್ದೇವೆ. ನೀವೂ ಅಲ್ಲಿ ಆರಾಮಿದ್ದೀರೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಬಳೆ ಮಾರುವ ಸುಗರಾಬಿ ನಿಮ್ಮ ರಾಮಸಮುದ್ರದ ಕಡೆಯಿಂದ ಬಂದವಳು ನಿನ್ನ ಚೀಟಿಯನ್ನೂ ಅಳತೆಯ ದಾರವನ್ನೂ ಮುಟ್ಟಿಸಿದಳು. ನಾಳೆ ಮತ್ತೆ ಆ ಕಡೆ ಹೋಗುತ್ತಾಳಂತೆ, ಈ ಪತ್ರವನ್ನೂ ಗಂಟನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಫೋನು ನಿನ್ನ ಹತ್ತಿರ ಇರುವುದಕ್ಕಿಂತ ಅಂಬಿಕಾಳ ಹತ್ತಿರ ಇರುವುದೇ ಹೆಚ್ಚು. ಮಗಳಿಗೆ ಈ ವಿಷಯ ಗೊತ್ತಾಗಬಾರದು ಎಂದು ನೀನೇ ಚೀಟಿಯಲ್ಲಿ ಬರೆದಿದ್ದೀಯ.

ನೀನು ಬರೆದದ್ದು ಇಷ್ಟು. ನಿಮ್ಮ ಓಣಿಯ ರೇಣಮ್ಮನಿಗೆ ಎಡಗಡೆ ಎದೆಯಲ್ಲಿ ಗಂಟಾಗಿದೆ. ನೋವಿಲ್ಲ. ಈಚೆಗೆ ಜಂಪರ್ ಹಾಕಿದರೆ ಒಂದು ಕಡೆ ಉಬ್ಬಿ ಕಾಣುತ್ತದೆ. ಮಗಳ ಮದುವೆ ಗೊತ್ತಾಗಿದೆ, ಯುಗಾದಿ ದಾಟಿದ ಮೇಲೆ ವಧುವರರ ಮೇಲೆ ಅಕ್ಕಿಕಾಳು ಬೀಳಬೇಕು. ಅಲ್ಲಿಯತನಕ ದವಾಖಾನೆಯ ಹೆಸರು ತೆಗೆಯುವಂತಿಲ್ಲ. ಹಾಗಾಗಿ ಮೈಗೆ ಸಡಿಲವಾಗಿ, ದಪ್ಪ ಅಸ್ತರ ಕೊಟ್ಟು, ಎರಡೂ ಕಡೆ ಒಂದೇ ಸಮ ಕಾಣುವ ಹಾಗೆ ಎರಡು ಜಂಪರ್ ಹೊಲಿದು ಕೊಡಬೇಕು. ಈ ಕೆಲಸ ನಿನಗೆ ಗೊತ್ತಿದೆ ಅಕ್ಕಾ, ಬೇರೆಯವರಿಗೆ ಹೇಳುವ ಹಾಗಿಲ್ಲ ಎಂದು ಮುಗಿಸಿದ್ದೀಯ.

ಹೌದು, ಗೊತ್ತಿದೆ. ಹೇಗೆ ಗೊತ್ತಾಯಿತು ಎಂಬುದನ್ನು ಮೊದಲು ರೇಣಮ್ಮನಿಗೆ ಓದಿ ಹೇಳು. ನಿನಗೂ ನಾನು ಇದನ್ನು ಪೂರ್ತಿ ಹೇಳಿಲ್ಲ.

ನನ್ನ ರೋಗವನ್ನು ಮೊದಲು ಕಂಡದ್ದು ಡಾಕ್ಟರಲ್ಲ, ನನ್ನ ಕತ್ತರಿ. ಮದುವೆಯಾದಾಗಿನಿಂದ ನನ್ನ ಜಂಪರನ್ನು ನಾನೇ ಹೊಲಿದುಕೊಂಡವಳು. ಹಳೆಯದನ್ನು ಬಿಚ್ಚಿ, ಅದನ್ನೇ ಮೇಲಿಟ್ಟು ಹೊಸದನ್ನು ಕತ್ತರಿಸುವುದು ನನ್ನ ರೂಢಿ. ಆ ವರ್ಷ ದೀಪಾವಳಿಗೆ ಹೊಲಿದ ಜಂಪರಿನಲ್ಲಿ ಬಲಗಡೆಯ ಟಕ್ಸು ಕೂಡಲಿಲ್ಲ. ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಸುಕ್ಕು ಬಂತು. ಬಟ್ಟೆ ಸರಿಯಿತ್ತು, ಅಳತೆ ಸರಿಯಿತ್ತು. ಹಾಗಾದರೆ ಬದಲಾದದ್ದು ಮೈ ಎಂದು ತಿಳಿದು ಕೈಯಿಟ್ಟು ನೋಡಿಕೊಂಡೆ. ಒಳಗೆ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಸಿಕ್ಕಿತು. ಒತ್ತಿದರೂ ನೋಯಲಿಲ್ಲ. ನೋಯದೇ ಇದ್ದದ್ದಕ್ಕೇ ನನಗೆ ಹೆದರಿಕೆಯಾಯಿತು. ನಮ್ಮ ಮನೆಯವರು ಹತ್ತಿ ಜಿನ್ನಿನ ಕೆಲಸ ಮುಗಿಸಿ ಮನೆಗೆ ಬರುವ ಮೊದಲೇ ನಾನು ಯಾದಗಿರಿಯ ಬಸ್ಸು ಹತ್ತಿದ್ದೆ. ಅಲ್ಲಿಂದ ಕಲಬುರಗಿಗೆ ಬರೆದುಕೊಟ್ಟರು. ಬೇಗ ಬಂದಿದ್ದೀರಿ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದಳು. ಬಲಗಡೆಯ ಎದೆಯನ್ನು ತೆಗೆದರು. ಇಷ್ಟು ನಿನಗೆ ಗೊತ್ತು. ನೀನು ಬುತ್ತಿ ಕಟ್ಟಿಕೊಂಡು ಬಂದಿದ್ದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಮನೆಗೆ ಬಂದು ಟ್ರಂಕು ತೆಗೆದರೆ ಅದರೊಳಗಿನ ಒಂದು ಜಂಪರೂ ನನ್ನದಾಗಿರಲಿಲ್ಲ. ಕೈ ಮೇಲಕ್ಕೆ ಏಳುತ್ತಿರಲಿಲ್ಲ, ಹಿಂದಿನ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ತೋಳು ಬಾತುಕೊಂಡು ಬಟ್ಟೆ ಬಿಗಿಯುತ್ತಿತ್ತು. ಎಷ್ಟೋ ದಿನ ಇವರ ಹಳೆಯ ಅಂಗಿ ಹಾಕಿಕೊಂಡು ಸೆರಗು ಹೊದ್ದು ಕುಳಿತೆ. ಒಂದು ದಿನ ಇವರು ಮಷೀನಿನ ಮೇಲಿನ ಬಟ್ಟೆ ಸರಿಸಿ, ಎಣ್ಣೆ ಬಿಟ್ಟು, "ನಡೀತದ ಏನ್ ನೋಡು, ತುಕ್ಕ ಹಿಡದಿತ್ತು" ಅಂದರು. ತುಕ್ಕು ಹಿಡಿದಿರಲಿಲ್ಲ. ನಾನು ಕುಳಿತೆ.

ಮೊದಲು ಬೆನ್ನಿನ ಹುಕ್ಕುಗಳನ್ನು ಕಿತ್ತು ಆ ಕಡೆ ಮುಚ್ಚಿ ಹೊಲಿದೆ. ಜಂಪರಿನ ಮುಂಭಾಗವನ್ನು ಸೀಳಿ ಅಲ್ಲಿ ಕಟ್ಟುವ ಕಸೆ ಇಟ್ಟೆ. ಬಗಲಿನಲ್ಲಿ ಹೊಲಿಗೆ ಬಿಚ್ಚಿ, ಹಳೆಯ ಇಲಕಲ್ಲ ಸೀರೆಯ ಒಡಲಿನಿಂದ ನಾಲ್ಕು ಮೂಲೆಯ ತುಂಡು ಕತ್ತರಿಸಿ ಸೇರಿಸಿದೆ. ತೋಳಿಗೆ ಉಸಿರು ಬಂತು. ಹೀಗೆ ಟ್ರಂಕಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ತಿದ್ದಿದೆ. ಒಂದನ್ನೂ ಎಸೆಯಲಿಲ್ಲ.

ಖಾಲಿ ಕಡೆಯನ್ನು ಹಾಗೇ ಬಿಟ್ಟು ನಳದ ಹತ್ತಿರ ಹೋದೆ. ನಮ್ಮ ಓಣಿಯ ಹನುಮಮ್ಮನ ಬಾಯಿ ನೀನು ಕೇಳಿದ್ದೀಯ. ನಾಲ್ಕು ಜನರ ಮುಂದೆ, "ಮಲಕವ್ವ, ಒಂದ ಕಡಿ ಸಪಾಟ ಆಗ್ಯಾದಲ್ಲ" ಅಂದಳು. "ಈ ವರ್ಷ ಅರ್ಧ ಹೊಲ ಬೀಳು ಬಿಟ್ಟೀನಿ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಬಹಳ ಹೊತ್ತು ಅತ್ತೆ.

ನಂತರ ಒಳಗೆ ಕಿಸೆ ಹೊಲಿದೆ. ಅದರಲ್ಲಿ ಏನು ತುಂಬಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಹತ್ತಿ ತುಂಬಿದೆ. ಹತ್ತಿಗೆ ತೂಕವಿಲ್ಲ, ಕೊಡ ಎತ್ತಲು ಬಗ್ಗಿದರೆ ಗಂಟಲಿನ ತನಕ ಏರುತ್ತದೆ. ತೂಕವಿಲ್ಲದಿದ್ದರೆ ಆ ಕಡೆಯ ಹೆಗಲು ಮೇಲೇಳುತ್ತದೆ, ಬೆನ್ನು ಸೊಟ್ಟಾಗುತ್ತದೆ. ಕಾಳು ತುಂಬಿ ನೋಡೋಣವೆಂದು ಹೆಸರು ತುಂಬಿದೆ. ಬಹಳ ಚೆನ್ನಾಗಿ ಕೂತಿತು. ಬೇಸಿಗೆಯ ಬೆವರಿಗೆ ನೆನೆದಿತ್ತು. ನಾನು ಕಾಳಿನ ಚೀಲ ತೆಗೆಯದೆ ಹಾಗೇ ಒಗೆದು, ನೆರಳಿಗೆ ಹಾಕಿ, ಅರೆಹಸಿ ಇದ್ದಾಗಲೇ ಮಡಿಚಿಟ್ಟೆ. ಮುಂದಿನ ಸಲ ತೆಗೆದರೆ ಹೊಲಿಗೆಯ ಸಂದಿನಿಂದ ಬಿಳಿ ಮೊಳಕೆಗಳು ಹೊರಗೆ ಬಂದಿದ್ದವು. ಇವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಉಳ್ಳಾಗಡ್ಡಿ ಹೆಚ್ಚಲೇನು, ಒಗ್ಗರಣಿ ಹಾಕ್ತೀ?" ಅಂದರು. ಅವತ್ತು ನಗು ಬಂತು, ತಂಗಿ. ಆಪರೇಷನ್ ಆದ ಮೇಲೆ ಒಳಗಿನಿಂದ ಬಂದ ಮೊದಲ ನಗು ಅದು.

ಈಗ ನವಣೆಯನ್ನು ಹುರಿದು, ಆರಿಸಿ, ತೆಳ್ಳನೆಯ ಚೀಲದಲ್ಲಿ ತುಂಬುತ್ತೇನೆ. ಮೈಗೆ ತಾಗುವ ಕಡೆ ಹತ್ತಿಯ ಪದರ ಕೊಡುತ್ತೇನೆ. ಒಗೆಯುವಾಗ ಚೀಲ ಹೊರಗೆ ತೆಗೆಯುತ್ತೇನೆ. ಕಲಬುರಗಿಗೆ ತಪಾಸಣೆಗೆ ಹೋದಾಗ ಅಲ್ಲಿ ಕುಳಿತ ಹೆಣ್ಣುಮಕ್ಕಳು ಕೇಳಿದರೆ ತೋರಿಸುತ್ತೇನೆ, ಕೆಲವರಿಗೆ ಹೊಲಿದೂ ಕೊಟ್ಟಿದ್ದೇನೆ. ನನಗೆ ಗೊತ್ತಿರುವ ಕೆಲಸ ಇದು. ಹೋದ ಅಂಗವನ್ನು ಬಟ್ಟೆಯಿಂದ ತುಂಬುವ ಕೆಲಸ. ರೇಣಮ್ಮ ಕೇಳುತ್ತಿರುವುದು ಬೇರೆ. ಇರುವ ರೋಗವನ್ನು ಬಟ್ಟೆಯಿಂದ ಮುಚ್ಚುವ ಜಂಪರನ್ನು ನಾನು ಯಾರಿಗೂ ಹೊಲಿದಿಲ್ಲ. ಹೊಲಿಯುವುದೂ ಇಲ್ಲ.

ಈಗ ದಾರದ ವಿಷಯ.

ಅವ್ವ ಟೇಪಿನ ಅಂಕಿ ಓದಲಾರದವಳು. ದಾರದಲ್ಲೇ ಅಳೆದು, ಎದೆಗೆ ಒಂದು ಗಂಟು, ಸೊಂಟಕ್ಕೆ ಒಂದು, ತೋಳಿಗೆ ಒಂದು, ಹೆಗಲಿನಿಂದ ಕೆಳಗಿನ ಉದ್ದಕ್ಕೆ ಒಂದು, ಹೀಗೆ ಹಾಕಿ ಮೊಳೆಗೆ ನೇತುಹಾಕುತ್ತಿದ್ದಳು. ನಾವಿಬ್ಬರೂ ಮುದನಾಳದ ತವರುಮನೆಯಲ್ಲಿ ಅವಳಿಂದಲೇ ಕಲಿತೆವು. ಯಾವ ಊರಿನ ಯಾವ ಟೇಲರನೂ ಎರಡು ಹೆಗಲು ಅಳೆಯುವುದಿಲ್ಲ. ಒಂದು ಅಳೆದರೆ ಇನ್ನೊಂದೂ ಅಷ್ಟೇ ಎಂದು ಎಲ್ಲರಿಗೂ ಗೊತ್ತು. ಅವ್ವ ನನಗೂ ಒಂದನ್ನೇ ಅಳೆಯುತ್ತಿದ್ದಳು. ನಿನಗೆ ಮಾತ್ರ ಎರಡು. ನೀನು ಸಣ್ಣವಳಿದ್ದಾಗ ಜೋಳದ ಕಣಕಿ ಎತ್ತರಕ್ಕೆ ಒಟ್ಟಿದ ಬಣಮೆಯ ಮೇಲಿಂದ ಬಿದ್ದು ಎಡಗಡೆಯ ಎಲುಬು ಸೊಟ್ಟಾಗಿ ಕೂಡಿಕೊಂಡಿತು. ಆ ಹೆಗಲು ಒಂದು ಬೆರಳು ಕೆಳಗಿದೆ. ಲಗ್ನದಲ್ಲಿ ಜಂಪರ್ ಒಂದು ಕಡೆ ಜಾರಿದರೆ ಬೀಗರು ಏನಂದಾರು ಎಂದು ಅವ್ವನಿಗೆ ಚಿಂತೆ. ಅದಕ್ಕೇ ನಿನ್ನ ದಾರದಲ್ಲಿ ಹೆಗಲಿಗೆ ಎರಡು ಗಂಟು. ನಿನಗೆ ಅದು ಎಷ್ಟು ರೂಢಿಯಾಗಿದೆ ಎಂದರೆ, ಲೋಕದಲ್ಲಿ ಎಲ್ಲರಿಗೂ ಹೀಗೇ ಅಳೆಯುತ್ತಾರೆ ಎಂದು ತಿಳಿದಿದ್ದೀಯ.

ನೀನು ಕಳಿಸಿದ ರೇಣಮ್ಮನ ದಾರದಲ್ಲಿ ಹೆಗಲಿಗೆ ಎರಡು ಗಂಟುಗಳಿವೆ. ಎಡಗಡೆಯದು ಒಂದು ಬೆರಳು ಕಡಿಮೆ ಇದೆ.

ದಾರವನ್ನು ಮೇಜಿನ ಮೇಲೆ ಚಾಚಿ ಎರಡು ಸಲ ನೋಡಿದೆ. ಸುಗರಾಬಿ ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದಳು. "ಯಾಕ ಅಕ್ಕಾ, ಅಳತಿ ತಪ್ಯಾದೇನು?" ಅಂದಳು. ಇಲ್ಲ, ಸರಿಯಾಗಿದೆ ಎಂದೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನಿನ್ನ ಹೆದರಿಕೆ ಎಲ್ಲಿಯದು ಎಂದು ನನಗೆ ಗೊತ್ತು. ಸುರಪುರದ ಬೀಗರು ಅಂಬಿಕಾಳನ್ನು ನೋಡಲು ಬಂದ ದಿನ ನೀನು ನನಗೆ, "ಅಕ್ಕಾ, ನೀ ಒಳಗ ಇರು, ಅವರೇನರ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ" ಅಂದೆ. ನಾನು ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸಿದೆ. ಆ ಹೊತ್ತು ಮನಸ್ಸಿಗೆ ಹತ್ತಿತು. ಆದರೆ ತಾಯಿಯಾದವಳು ಹೀಗೆ ಲೆಕ್ಕ ಹಾಕುತ್ತಾಳೆ ಎಂದುಕೊಂಡು ಮುಂದಿನ ಹೋಳಿಗೆ ಹೆಂಚಿಗೆ ಹಾಕಿದೆ. ದೊಡ್ಡಮ್ಮನಿಗೆ ಆಗಿದೆ, ಈಗ ತಾಯಿಗೂ ಆಗಿದೆ ಎಂದರೆ ಹುಡುಗಿಗೂ ಬಂದೀತು ಎಂದು ಅವರು ಹಿಂದೆ ಸರಿಯುತ್ತಾರೆ ಎಂಬುದು ನಿನ್ನ ಹೆದರಿಕೆ. ಸರಿಯಬಹುದು. ಸರಿಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಯುಗಾದಿಯ ತನಕ ಕಾದರೆ ಅಂಬಿಕಾಳ ಮದುವೆಯಲ್ಲಿ ನೀನು ಯಾವ ಸ್ಥಿತಿಯಲ್ಲಿ ಇರುತ್ತೀ ಎಂಬುದನ್ನೂ ಲೆಕ್ಕಕ್ಕೆ ಹಿಡಿ. ನನ್ನ ಪಕ್ಕದ ಮಂಚದಲ್ಲಿದ್ದವಳು ಮಗನ ಮದುವೆ ಮುಗಿಸಿಯೇ ಬಂದಿದ್ದಳು. ಅವಳ ಮಾತು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ಮಾತು. ಇದು ಅಂಬಿಕಾಳಿಗೂ ಗೊತ್ತಾಗಬೇಕಾದ ವಿಷಯ. ನಮ್ಮ ಮನೆತನದಲ್ಲಿ ಇದೆ ಎಂದಾದರೆ ಅವಳು ತನ್ನ ಮೈಯನ್ನು ತಾನು ನೋಡಿಕೊಳ್ಳಲು ಕಲಿಯಬೇಕು. ಆಗಿರುವುದು ಬರೀ ನೀರುಗಂಟೂ ಇರಬಹುದು. ಕಲಬುರಗಿಯಲ್ಲಿ ನನ್ನ ಜೊತೆ ಸಾಲಿನಲ್ಲಿ ಕುಳಿತವರಲ್ಲಿ ಎಷ್ಟೋ ಜನರಿಗೆ ಏನೂ ಇಲ್ಲ ಎಂದು ಹೇಳಿ ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ಏನು ಎಂಬುದನ್ನು ನೀನೂ ಹೇಳಲಾರೆ, ನಾನೂ ಹೇಳಲಾರೆ. ಸೂಜಿ ಹಾಕಿ ನೋಡಿದವರು ಹೇಳಬೇಕು.

ಗಂಟಿನಲ್ಲಿ ಜಂಪರ್ ಇದೆ, ಒಂದೇ. ನೀನು ಕೇಳಿದ ಬಗೆಯದಲ್ಲ. ಮುಂದೆ ಕಸೆ ಇಟ್ಟಿದ್ದೇನೆ. ಡಾಕ್ಟರು ನೋಡುವಾಗ ಪೂರ್ತಿ ಬಿಚ್ಚುವುದು ಬೇಕಿಲ್ಲ, ಎಡಗಡೆಯ ಕಸೆ ಸಡಿಲಿಸಿದರೆ ಸಾಕು, ಉಳಿದ ಮೈ ಮುಚ್ಚಿರುತ್ತದೆ. ನನಗೆ ಅಲ್ಲಿ ಅಷ್ಟು ಜನರ ನಡುವೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಅಸ್ತರ ತೆಳುವಾಗಿದೆ. ಬಣ್ಣ ಹಸಿರು, ನಿನಗೆ ಒಪ್ಪುವುದು. ಎಡ ಹೆಗಲು ಒಂದು ಬೆರಳು ಇಳಿಸಿ ಕತ್ತರಿಸಿದ್ದೇನೆ.

ಗುರುವಾರ ಮುಂಜಾನೆಯ ಮೊದಲ ಬಸ್ಸಿಗೆ ನಾನು ರಾಮಸಮುದ್ರಕ್ಕೆ ಬರುತ್ತೇನೆ. ಅಲ್ಲಿಂದ ಇಬ್ಬರೂ ಯಾದಗಿರಿಗೆ ಹೋಗೋಣ. ಮನೆಯಲ್ಲಿ ಏನು ಹೇಳಬೇಕು ಎಂದು ನಿನಗೆ ತಿಳಿಯದಿದ್ದರೆ, ರೇಣಮ್ಮನನ್ನು ತೋರಿಸಲು ಹೋಗುತ್ತಿದ್ದೇವೆ ಎಂದು ಹೇಳು. ಅವಳ ಹೆಸರು ಇನ್ನೊಂದು ದಿನ ಉಪಯೋಗಕ್ಕೆ ಬರಲಿ. ಬಾಗಿಲು ಹಾಕಿಕೊಂಡು ಕೂರಬೇಡ. ಬಾಗಿಲಲ್ಲೇ ಕುಳಿತು ಕೂಗಿ ಕರೆಯುತ್ತೇನೆ, ಓಣಿಗೆಲ್ಲ ಕೇಳಿಸುತ್ತದೆ. ನನ್ನ ಗಂಟಲು ನಿನಗೆ ಗೊತ್ತಿದೆ.

ಅವ್ವನ ಹೊಟ್ಟೆಯಲ್ಲಿ ನಿನಗಿಂತ ಮೊದಲು ಹುಟ್ಟಿದ ನಿನ್ನ ಅಕ್ಕ,
ಮಲಕಮ್ಮ

ತಾ.ಕ.: ಮೇಲಿನದನ್ನೆಲ್ಲ ಬರೆದು ಮಡಿಚಿಟ್ಟ ಮೇಲೆ ಇವತ್ತು ಸಂಜೆ ನಿಮ್ಮ ಮನೆಯವರು ದೇವಿಂದ್ರಪ್ಪನವರು ಬಂದಿದ್ದರು. ಗೊಬ್ಬರಕ್ಕೆ ಯಾದಗಿರಿಗೆ ಹೋಗುತ್ತೇನೆಂದು ನಿನಗೆ ಹೇಳಿ ಬಂದರಂತೆ. ಚಹಾ ಕುಡಿದು, ಇವರ ಸಂಗಡ ಕುರಿಯ ಮಾತಾಡಿ, ಎದ್ದು ಹೊರಟರು. ಚಪ್ಪಲಿ ಮೆಟ್ಟುವಾಗ ನನ್ನ ಕಡೆ ನೋಡದೆ, "ಅಕ್ಕಾರ, ಕಲಬುರಗಿ ದವಾಖಾನ್ಯಾಗ ಹೆಣಮಕ್ಕಳ ವಾರ್ಡಿನ್ಯಾಗ ಗಂಡಸರಿಗಿ ಇರಾಕ ಬಿಡ್ತಾರೇನ್ರಿ?" ಎಂದು ಕೇಳಿದರು. ಯಾರಿಗೆ ಏನಾಗಿದೆ ಎಂದೆ. "ನಮ್ಮ ಓಣ್ಯಾಗಿನ ರೇಣಮ್ಮಗ" ಅಂದರು. ರೇಣಮ್ಮನ ಸಂಗಡ ನೀವೇಕೆ ಇರುತ್ತೀರಿ ಎಂದು ನಾನು ಕೇಳಲಿಲ್ಲ. ಹಗಲು ಬಿಡುತ್ತಾರೆ, ರಾತ್ರಿ ಹೊರಗೆ ಪಡಸಾಲೆಯಲ್ಲಿ ಮಲಗಬೇಕು, ಚಳಿ ಬಹಳ ಎಂದೆ. "ಕಂಬಳಿ ಒಯ್ತೀನಿ ಬಿಡ್ರಿ" ಅಂದರು. ಇದನ್ನು ನಿನಗೆ ಹೇಳಬಾರದು ಎಂದು ಕೈ ಮುಗಿದು ಹೋದರು. ಗುರುವಾರ ಅವರು ಕಂಬಳಿ ಝಾಡಿಸಿ ಮಡಿಚುವುದು ಕಂಡರೆ ಯಾಕೆಂದು ಕೇಳಬೇಡ.