ಹಲ್ಲಿಲ್ಲದ ಬೀಗದ ಕೈ

ಮಾಗಡಿ
೨೦-೧೧-೨೦೦೯, ಶುಕ್ರವಾರ

ಪ್ರೀತಿಯ ಕರೀಮಾ,

ನಿನಗೊಂದು ಸಲಾಮು, ಬಾಬಾಜಾನ್ ಭಾಯಿಗೊಂದು ನಮಸ್ಕಾರ. ರಂಜಾನಿನಲ್ಲಿ ನೀನು ಬರೆದ ಕಾಗದಕ್ಕೆ ಬಕ್ರೀದ್ ಹತ್ತಿರವಾದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ಚನ್ನಪಟ್ಟಣದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ನೀನು, ನಿನ್ನ ಕನ್ನಡ ನಾನು ಬರೆದುಕೊಟ್ಟವರು ನಾವು. ನನ್ನ ಸೋಮಾರಿತನ ನಿನಗೆ ಹೊಸದಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನ್ ಇರುವುದು ಹಜಾರದಲ್ಲಿ, ನಮ್ಮ ಯಜಮಾನರು ಇರುವುದೂ ಹಜಾರದಲ್ಲಿ. ಅವರ ಮೇಲೆ ಚಾಡಿ ಹೇಳಲು ಕಾಗದವೇ ಸರಿ.

ಸಂತೋಷದ ಸುದ್ದಿ ಮೊದಲು. ನಮ್ಮ ರುದ್ರಪ್ರಸಾದ ಹೊಸ ಕಾರು ತಂದಿದ್ದಾನೆ. ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದೆ, ನಮ್ಮ ಸಿಮೆಂಟು ಕಬ್ಬಿಣದ ಅಂಗಡಿಗೆ ಉಸಿರಾಡಲು ಪುರಸೊತ್ತಿಲ್ಲ. ಕೆಸರಿನಲ್ಲಿ ಸೈಟಿಂದ ಸೈಟಿಗೆ ಬೈಕಿನಲ್ಲಿ ಓಡಾಡಿ ಮಗ ಎರಡು ಸಲ ಬಿದ್ದ. ಮೂರನೇ ಸಲ ಬೀಳುವ ಮೊದಲು ಸೊಸೆ ಕವನ ಹಟ ಹಿಡಿದಳು, ಕಾರು ಬಂತು.

ಕಾರು ಅಂದರೆ ಬರೀ ಕಾರಲ್ಲ ಕಣೇ. ಜೀಪಿನ ಎತ್ತರ, ಮದುವೆ ಛತ್ರದ ಸೋಫಾದಂಥ ಸೀಟು. ಇದೇ ಗಾಡಿಯ ಹಿಂದಿನ ಮಾದರಿಗೆ ಮೂತಿ ಚೌಕವಾಗಿತ್ತಂತೆ, ಈ ವರ್ಷ ತಿದ್ದಿ ತೀಡಿ ದುಂಡಗೆ ಮಾಡಿದ್ದಾರಂತೆ. ಮಾಮೂಲಿ ಕಾರಿನಲ್ಲಿ ಎರಡು ಚಕ್ರ ದುಡಿಯುತ್ತವೆ, ಮಿಕ್ಕ ಎರಡು ಸುಮ್ಮನೆ ಜೊತೆಗೆ ಬರುತ್ತವೆ, ನಮ್ಮ ಮನೆಯ ಗಂಡಸರ ಹಾಗೆ. ಇದರಲ್ಲಿ ಬೇಕೆಂದಾಗ ನಾಲ್ಕೂ ದುಡಿಯುತ್ತವೆ.

ಎಲ್ಲಕ್ಕಿಂತ ದೊಡ್ಡ ವಿಚಿತ್ರ ಅದರ ಕೀ. ಖರ್ಜೂರಕ್ಕಿಂತ ಒಂಚೂರು ದಪ್ಪದ ಕಪ್ಪು ಬಿಲ್ಲೆ, ಅಷ್ಟೇ. ಅದು ನಮ್ಮ ಹತ್ತಿರ ಇದ್ದರೆ ಸಾಕು, ಹಿಡಿ ಮುಟ್ಟಿದ ಕೂಡಲೇ ಬಾಗಿಲು ತೆರೆಯುತ್ತದೆ. ಒಳಗೆ ಕೂತು ಕ್ಲಚ್ ತುಳಿದು ಸ್ಟೀರಿಂಗಿನ ಎಡಗಡೆ ಇರುವ ಬಟನ್ ಒತ್ತಿದರೆ ಇಂಜಿನ್ ಹೊತ್ತಿಕೊಳ್ಳುತ್ತದೆ. ತೂರಿಸುವುದಿಲ್ಲ, ತಿರುಗಿಸುವುದಿಲ್ಲ. ನಾನು ನಂಬಲಿಲ್ಲ. ಕವನ ಆ ಬಿಲ್ಲೆಯನ್ನು ನನ್ನ ಕೈಚೀಲದೊಳಗೆ ಹಾಕಿ ಚೀಲವನ್ನು ನನ್ನ ಮಡಿಲಲ್ಲೇ ಇಟ್ಟು, "ನೋಡಿ ಅತ್ತೆ, ನಿಮ್ಮ ಬ್ಯಾಗಲ್ಲಿದ್ರೂ ಗಾಡಿಗೆ ಗೊತ್ತಾಯ್ತದೆ" ಅಂತ ಬಟನ್ ಒತ್ತಿ ತೋರಿಸಿದಳು. ನಾನು ಹೆದರಿ ಶಿವನ ಹೆಸರು ಹೇಳಿದೆ.

ಇಷ್ಟೆಲ್ಲ ಸಂಭ್ರಮದಲ್ಲಿ ಒಂದೇ ಒಂದು ಮುಳ್ಳು. ನಮ್ಮವರು ಆ ಕಾರಿನ ಹತ್ತಿರ ಸುಳಿಯಲಿಲ್ಲ.

ನಿನಗೆ ನಮ್ಮ ಹಳೇ ಜೀಪ್ ನೆನಪಿದೆ ತಾನೆ? ನಿನ್ನ ಮಗಳ ಮದುವೆಗೆ ಚನ್ನಪಟ್ಟಣದ ಗಲ್ಲಿಯೊಳಗೆ ನುಗ್ಗಿಸಿ ನಿಮ್ಮ ಶಾಮಿಯಾನದ ಹಗ್ಗ ಕಿತ್ತರಲ್ಲ, ಅದೇ. ಮದುವೆಯಾದಾಗಿನಿಂದ ಆ ಜೀಪ್ ನನಗೆ ಸವತಿ. ಹೋದ ಬೇಸಿಗೆಯಲ್ಲಿ ಒಂದು ದಿನ ಅದನ್ನು ತಿಪ್ಪಸಂದ್ರದ ನಮ್ಮ ಮಾವಿನ ತೋಟದಲ್ಲೇ ಬಿಟ್ಟು ನಡೆದುಕೊಂಡು ಬಂದರು. "ಕೆಟ್ಟೋಗೈತೆ" ಅಂದರು. ಮಾರನೇ ದಿನ ರುದ್ರ ಹೋಗಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹೊತ್ತಿತು. ಅವನು ನಗುತ್ತಾ ಬಂದು ಹೇಳಿದ್ದೇ ತಪ್ಪಾಯಿತು. ಆ ವಾರವೇ ಜೀಪನ್ನು ಮಾರಿಬಿಟ್ಟರು. ಅಂದಿನಿಂದ ಮಗನ ಹತ್ತಿರ ಸರಿಯಾಗಿ ಮಾತಿಲ್ಲ, ಯಾವ ಗಾಡಿಯನ್ನೂ ಹತ್ತುವುದಿಲ್ಲ. ಅಂಗಡಿಗೂ ನಡೆದೇ ಹೋಗುತ್ತಾರೆ. ಬೀಗ ತೆಗೆಯಲು ಹೇಳಿದರೆ "ಇನ್ನೂ ನಾನೇ ತೆಗೀಬೇಕೇನ್ಲಾ? ಯಜಮಾನ್ಕೆ ನಿಂಗೆ ಕೊಟ್ಟಾಯ್ತು" ಅಂತ ರಸ್ತೆ ನೋಡುತ್ತಾ ನಿಲ್ಲುತ್ತಾರೆ. ರುದ್ರನಿಗೆ ಅಪ್ಪನ ಕೋಪದ ಕಾರಣ ಗೊತ್ತಿಲ್ಲ. "ಕಾರು ತಂದೆ ಅಂತ ಸಿಟ್ಟೋ, ಜೀಪ್ ಹೋಯ್ತು ಅಂತ ಸಿಟ್ಟೋ, ನೀನೇ ಕೇಳಮ್ಮ" ಅಂತ ನನ್ನ ಮುಂದೆ ಕಣ್ಣು ಒರೆಸಿಕೊಂಡ. ಮೂವತ್ತು ದಾಟಿದ ಗಂಡಸು ಕಣೇ. ನನಗೆ ಅನ್ನ ಸೇರಲಿಲ್ಲ.

ಇವರನ್ನು ಹೇಗಾದರೂ ಆ ಕಾರಿನಲ್ಲಿ ಕೂರಿಸಬೇಕು, ಅಪ್ಪ ಮಗ ಮತ್ತೆ ಮೊದಲಿನಂತಾಗಬೇಕು. ಮನೆದೇವರಿಗೆ ನಾನು ಕೇಳಿಕೊಂಡದ್ದು ಅದೊಂದೇ.

ಮೊನ್ನೆ ಕಳೆದದ್ದು ಕಡೇ ಕಾರ್ತಿಕ ಸೋಮವಾರ. ಸಾವನದುರ್ಗದ ದಾರಿಯಲ್ಲಿ ನಮ್ಮ ಮನೆದೇವರ ಚಿಕ್ಕ ಗುಡಿ ಇದೆಯಲ್ಲ, ಅಲ್ಲಿ ಗಾಡಿ ಪೂಜೆ ಇಟ್ಟುಕೊಂಡೆವು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಮನೆಯ ಹಿರಿಯರು ಮೊದಲು ಸ್ಟಾರ್ಟ್ ಮಾಡಿ ಅವುಗಳ ಮೇಲೆ ಹತ್ತಿಸುವುದು ನಮ್ಮಲ್ಲಿ ಪದ್ಧತಿ. ಇವರು "ನೀವು ಹೋಗ್ರಿ, ನಾನು ಬಸ್ಸಲ್ಲಿ ಬತ್ತೀನಿ" ಅಂದರು. ಹಾಗೇ ಬಂದರು ಕೂಡ. ನಾವು ಹೊಸ ಕಾರಿನಲ್ಲಿ ಹೋಗಿ ಇಳಿಯುವಾಗ ಅವರು ಆಗಲೇ ಗುಡಿಯ ಜಗಲಿಯ ಮೇಲೆ ಶಾಲು ಹೊದ್ದು ಕೂತಿದ್ದರು. ಬಸ್ಸು ನಮಗಿಂತ ಮುಂಚೆ ಬಂದದ್ದು ಅವರಿಗೆ ಎಷ್ಟು ಖುಷಿ ಕೊಟ್ಟಿತ್ತೆಂದರೆ ಕಂಡಕ್ಟರನ್ನು ಹೊಗಳಿದ್ದೇ ಹೊಗಳಿದ್ದು.

ಪೂಜೆ ಮಾಡುವ ಅಯ್ಯನವರು ದೇವರ ಪಾದದಲ್ಲಿಡಲು ಕೀ ಕೇಳಿದರು. ರುದ್ರ ಆ ಬಿಲ್ಲೆ ಕೊಟ್ಟ. ಅವರು ತಟ್ಟೆಯಲ್ಲಿ ಹಾಕಿಕೊಂಡು ತಿರುವಿ ತಿರುವಿ ನೋಡಿದರು.

"ಕೀಗೆ ಕಟ್ಟೋ ಗೊಂಡೆ ಯಾಕಪ್ಪಾ ಕೊಡ್ತೀಯ, ಕೀ ಕೊಡು."

"ಅದೇ ಕೀ ಅಯ್ನೋರೆ."

"ಹಲ್ಲೇ ಇಲ್ವಲ್ಲಪ್ಪ ಇದಕ್ಕೆ. ಎಲ್ಲಿಗೆ ತೂರಿಸ್ತೀಯ?"

"ಎಲ್ಲಿಗೂ ತೂರ್ಸಲ್ಲ. ಜೇಬಲ್ಲಿದ್ರೆ ಆಯ್ತು."

"ಜೇಬಲ್ಲಿರೋದಾದ್ರೆ ಸ್ವಾಮಿ ಪಾದಕ್ಕೆ ಯಾಕೆ ತಂದೆ? ಹಲ್ಲಿರೋ ಕೀ ಕೊಡು. ಅದಿಲ್ದೆ ಮಂಗಳಾರತಿ ಎತ್ತಕಿಲ್ಲ."

ಹಿಂದೆ ಇನ್ನೂ ನಾಲ್ಕು ಗಾಡಿಯವರು ಕಾಯುತ್ತಿದ್ದರು. ನಾನು ಸೊಂಟದ ಗೊಂಚಲಿನಿಂದ ಉಗ್ರಾಣದ ಕೀ ಬಿಚ್ಚಿ ತಟ್ಟೆಯಲ್ಲಿಟ್ಟೆ. ಅಯ್ಯನವರಿಗೆ ಸಮಾಧಾನವಾಯಿತು. ಅದಕ್ಕೇ ವಿಭೂತಿ, ಅದಕ್ಕೇ ಕುಂಕುಮ, ಅದಕ್ಕೇ ಮಂತ್ರ. ನಮ್ಮ ಉಗ್ರಾಣಕ್ಕೆ ಇನ್ನು ಅಪಘಾತದ ಭಯವಿಲ್ಲ ಕರೀಮಾ. ಪೂಜೆ ಮುಗಿದ ಮೇಲೆ ಉಗ್ರಾಣದ ಕೀಯನ್ನು ರುದ್ರನ ಎರಡೂ ಕೈಗೆ ಭಕ್ತಿಯಿಂದ ಕೊಟ್ಟು, ತಟ್ಟೆಯಲ್ಲಿ ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ ಪ್ರಸಾದವೆಂದು ನನ್ನ ಮಡಿಲಿಗೆ ಹಾಕಿದರು.

ಆಮೇಲೆ ಹೊರಗೆ ಬಂದು, "ಎಲ್ಲಿ ಯಜಮಾನ್ರು? ಹತ್ತಿ ಕೂತ್ಕೊಳಿ" ಅಂದರು.

"ಹುಡುಗ ಓಡಿಸ್ಲಿ ಬುಡಿ" ಅಂದರು ನಮ್ಮವರು, ಕೈಯನ್ನು ಶಾಲಿನೊಳಗೇ ಇಟ್ಟುಕೊಂಡು.

"ಹಿರೀಕರು ಎದುರಿಗಿರೋವಾಗ ಹುಡುಗ್ರು ಹತ್ತಿಸಬಾರ್ದು."

ರುದ್ರ ಮುಖ ಸಣ್ಣಗೆ ಮಾಡಿಕೊಂಡು ಜೇಬಿಗೆ ಕೈ ಹಾಕಿದ. ಜೇಬು ಖಾಲಿ. ಆಗ ನೆನಪಾಯಿತು ಅವನಿಗೆ, ಬಿಲ್ಲೆ ವಾಪಸ್ಸು ಬಂದೇ ಇಲ್ಲ ಅಂತ. ಇನ್ನೊಂದು ಬಿಲ್ಲೆ ಇರುವುದು ಮನೆಯಲ್ಲಿ, ಬೀರುವಿನೊಳಗೆ. ಮಗ ಗರ್ಭಗುಡಿಯ ಬಾಗಿಲಿಗೆ ಓಡಿದ, ಸೊಸೆ ಹೂವಿನ ಬುಟ್ಟಿ ಬೋರಲು ಹಾಕಿದಳು, ಅಯ್ಯನವರು ಅಭಿಷೇಕದ ನೀರು ಹೋಗುವ ಕಡೆ ಕಡ್ಡಿ ಹಾಕಿ ತಡಕಿದರು.

ಪೂಜೆಗೆಂದು ಕಾರಿನ ಬಾಗಿಲೆಲ್ಲ ತೆರೆದೇ ಇತ್ತು. ನಾನು ಇವರ ಹತ್ತಿರ ಹೋಗಿ, "ಬಿಸಿಲು ಸುಡ್ತಾ ಐತೆ, ಒಳಗೆ ಕೂತ್ಕೊಳ್ಳಿ. ಹೆಂಗೂ ಕೀ ಇಲ್ಲ, ಓಡ್ಸಿ ಅಂತ ಯಾರೂ ಕೇಳಲ್ಲ" ಅಂದೆ. ಅನುಮಾನದಿಂದ ನನ್ನನ್ನು ನೋಡಿ, ಹೋಗಿ ಕೂತರು. ಎಲ್ಲಿ ಕೂತರು ಅಂತೀಯ, ಡ್ರೈವರ್ ಸೀಟಿನಲ್ಲೇ. ಬೇರೆ ಕಡೆ ಕೂತು ಅಭ್ಯಾಸವಿಲ್ಲ. ನಾನು ಪ್ರಸಾದ ಹಿಡಿದು ಪಕ್ಕದಲ್ಲಿ ಕೂತೆ.

ಕನ್ನಡಿಯಲ್ಲಿ ಹಿಂದೆ ನಿಂತ ಗಾಡಿಗಳನ್ನು ನೋಡಿದರು. ಆಮೇಲೆ ಎಡಗೈ ತಾನಾಗಿ ಸ್ಟೀರಿಂಗಿನ ಸುತ್ತ ಹರಿದಾಡಿತು.

"ಕೀ ಹಾಕೋ ತೂತೇ ಇಲ್ವಲ್ಲೇ?"

"ಆ ಬಟನ್ ಒತ್ತಿದ್ರೆ ಆಯ್ತಂತೆ."

"ತಿರುಗ್ಸೋದು?"

"ಏನೂ ತಿರುಗ್ಸಂಗಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಕೀ ಇಲ್ದೆ ಒತ್ತಿದ್ರೆ ಏನಾದಾತು" ಅಂತ ಗೊಣಗುತ್ತಾ ಎಡಗೈ ಹೆಬ್ಬೆರಳಿನಿಂದ ಒತ್ತಿದರು. ಕೂತ ಕೂಡಲೇ ಕ್ಲಚ್ ತುಳಿಯುವುದು ಅವರ ಹಳೇ ಚಾಳಿ, ಕಾಲು ಅಲ್ಲೇ ಇತ್ತು. ಇಂಜಿನ್ ಹೊತ್ತಿಕೊಂಡಿತು.

ಆ ಮುಖ ನೀನು ನೋಡಬೇಕಿತ್ತು ಕರೀಮಾ. ನನ್ನನ್ನು ನೋಡಲು ಮೊದಲ ಸಲ ಬಂದಾಗ ಕೂಡ ಅಷ್ಟು ಚೆನ್ನಾಗಿ ನಕ್ಕಿರಲಿಲ್ಲ. ಗೇರು ಹಾಕಿದರು, ಬಲ ಅಂಗೈಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದರು, ನಾಲ್ಕು ನಿಂಬೆಹಣ್ಣೂ ಪಚಕ್ ಎಂದವು. ಗುಡಿಯೊಳಗಿಂದ ಎಲ್ಲರೂ ಓಡಿಬಂದರು. ಕೀ ಇಲ್ಲದ ಗಾಡಿ ನಡೆದದ್ದು ನೋಡಿ ಅಯ್ಯನವರು ಸ್ವಾಮಿಗೆ ಅಲ್ಲಿಂದಲೇ ಕೈಮುಗಿದರು. ನಾನು ಪ್ರಸಾದದ ಎಲೆ ಬಿಚ್ಚಿದೆ. ಬಾಳೆಹಣ್ಣು, ಕಾಯಿ ಹೋಳಿನ ನಡುವೆ ಕುಂಕುಮ ಮೆತ್ತಿಕೊಂಡ ಬಿಲ್ಲೆ ಕೂತಿತ್ತು. ಅಯ್ಯನವರು ಅದನ್ನು ಗೊಂಡೆ ಎಂದೇ ತಿಳಿದು ಹೂವಿನ ಜೊತೆ ಕಟ್ಟಿಕೊಟ್ಟಿದ್ದರು.

ರುದ್ರ ಬಾಗಿಲ ಬಳಿ ಬಂದು ನಿಂತ. ಇವರು ಇಳಿಯಲಿಲ್ಲ. "ಬಾರ್ಲಾ, ಹಿಂದೆ ಕೂತ್ಕೋ. ಕ್ರಾಸ್‌ವರೆಗೂ ನಾನು ಓಡಿಸ್ತೀನಿ, ಆಮೇಲೆ ನೀನು. ಒಳ್ಳೆ ಗಾಡಿ ತಂದಿದ್ದೀಯ ಕಣ್ಲಾ" ಅಂದರು. ಮಗ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅಪ್ಪನ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಈಗ ದಿನಾ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ಮಗನಿಗೆ ಒಪ್ಪಿಸುವುದು ಇವರ ಕೆಲಸ. ಬಿಲ್ಲೆ ಇವರ ಜುಬ್ಬಾದ ಜೇಬಿನಲ್ಲೇ ಉಳಿದು, ಸಂತೆಬೀದಿಯಲ್ಲಿ ನಿಲ್ಲಿಸಿದ ಗಾಡಿ ಮತ್ತೆ ಹೊತ್ತದೆ, ರುದ್ರ ಅಲ್ಲಿಂದ ಬೆವರು ಒರೆಸಿಕೊಂಡು ನಡೆದು ಬರುವುದೂ ಆಯಿತು.

ಬಕ್ರೀದ್ ಚೆನ್ನಾಗಿ ಆಗಲಿ. ಮೊಮ್ಮಕ್ಕಳಿಗೆ ಈ ಉಮಜ್ಜಿಯ ಹೆಸರಿನಲ್ಲಿ ಮುತ್ತು ಕೊಡು. ನಿಮ್ಮ ಮನೆ ಬಾಗಿಲಿಗೇ ಕಾರು ತರುತ್ತೇವೆ, ಶಾಮಿಯಾನ ಹಾಕಿದ್ದರೆ ಹಗ್ಗ ಬಿಗಿಯಾಗಿ ಕಟ್ಟಿರಲಿ.

ನಿನ್ನ
ಉಮಾಮಹೇಶ್ವರಿ

ತಾ.ಕ.: ಮಕ್ಕಳಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಪೊಟ್ಟಣ ಮಡಿಲಿಗೆ ಬಿದ್ದಾಗಲೇ ಬಿಲ್ಲೆ ನನ್ನ ಕೈಗೆ ಗಟ್ಟಿಯಾಗಿ ತಾಕಿತ್ತು. ಎಲ್ಲರೂ ಹುಡುಕಲಿ ಅಂತ ಬಾಯಿ ಮುಚ್ಚಿಕೊಂಡು ಇವರ ಪಕ್ಕ ಹೋಗಿ ಕೂತೆ. ಯಾಕೆಂದರೆ ಇವರಿಗೆ ಜೀಪಿನ ಮೇಲೂ ಸಿಟ್ಟಿರಲಿಲ್ಲ, ಮಗನ ಮೇಲೂ ಸಿಟ್ಟಿರಲಿಲ್ಲ. ಬೇಸಿಗೆಯಿಂದ ಬಲಗೈ ಬೆರಳಿಗೆ ಬಲವಿಲ್ಲ. ತೋಟದಲ್ಲಿ ಕೆಟ್ಟದ್ದು ಜೀಪಲ್ಲ, ಕೀ ತಿರುಗಿಸಲು ಕೈ ಬರಲಿಲ್ಲ. ಅಂಗಡಿ ಬೀಗಕ್ಕೂ ಅದೇ ಕತೆ. ಗುಂಡಿ ಹಾಕುವ ಅಂಗಿಯನ್ನೆಲ್ಲ ಬಿಟ್ಟು ಜುಬ್ಬಾ ಹಾಕತೊಡಗಿದಾಗಲೇ ನನಗೆ ಗೊತ್ತಾಯಿತು. ಕೇಳಿದರೆ ಕುಗ್ಗಿಹೋಗುತ್ತಾರೆ ಅಂತ ಕೇಳಲಿಲ್ಲ. ನನ್ನ ಕೊರಳಿಗೆ ತಾಳಿಯ ಗಂಟು ಹಾಕಿದ ಕೈ ಕಣೇ ಅದು. ಒಬ್ಬಳೇ ಎಷ್ಟು ಅತ್ತಿದ್ದೇನೆ ಅಂತ ಹೇಳಲಾರೆ.

ಇವತ್ತು ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ಒಳಗೆ ಬಂದವರು ಬೀರುವಿನಿಂದ ಹಳೇ ಬಿಳಿ ಅಂಗಿ ತೆಗೆದು ತೊಟ್ಟು, ಎದೆ ತೆರೆದುಕೊಂಡೇ ಬಂದು ನನ್ನ ಮುಂದೆ ನಿಂತರು. "ಬೆಂಗ್ಳೂರಿಗೆ ಹೋಗಿ ಈ ಕೈ ಒಸಿ ತೋರಿಸ್ಕೊಂಡು ಬರೋಣ, ರುದ್ರಂಗೆ ಹೇಳು" ಅಂದರು. ನಾನು ಹೂಂ ಅಂದು, ಮೇಲಿನಿಂದ ಒಂದೊಂದೇ ಗುಂಡಿ ಹಾಕಿದೆ.